39 ಅಂಕಿಯ ಒಂದು ಅವಿಭಾಜ್ಯ ಸಂಖ್ಯೆಯನ್ನು ನಾನೇ ಪರೀಕ್ಷಿಸಿ ನೋಡಿದ್ದು

170141183460469231731687303715884105727

ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ಇದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದೂ ಇದನ್ನು ಶೇಷವಿಲ್ಲದೆ ಭಾಗಿಸಲ್ಲ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಇದು ಸಿಗುತ್ತದೆ. ಅಂದರೆ 2^127 − 1. ಚಿಕ್ಕದಾಗಿ ಎಂ127 ಅನ್ನುತ್ತಾರೆ.

ನಾನು ಗಣಿತದ ಮೇಷ್ಟ್ರಲ್ಲ. ಸಾಫ್ಟ್‌ವೇರ್ ಕೆಲಸದವನು. ಆದರೆ "ಇದು ಅವಿಭಾಜ್ಯ" ಅಂತ ಓದಿ ಸುಮ್ನೆ ತಲೆಯಾಡಿಸುವುದಕ್ಕೆ ಮನಸ್ಸಾಗಲಿಲ್ಲ. ನಾನೇ ಕೂತು ಖಚಿತ ಮಾಡಿಕೊಳ್ಳಬೇಕು ಅನಿಸಿತು. ಪೇಪರ್, ಪೆನ್, ಕ್ಯಾಲ್ಕ್ಯುಲೇಟರ್, ಕೊನೆಗೆ ಲ್ಯಾಪ್‌ಟಾಪ್, ಇಷ್ಟೇ ಸಾಮಾನು. ಹೇಗೆ ಮಾಡಿದೆ ಅಂತ ಇಲ್ಲಿ ಬರೆದಿದ್ದೇನೆ. ಎಸ್ಸೆಸ್ಸೆಲ್ಸಿ ಗಣಿತ ನೆನಪಿದ್ದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಇದನ್ನೇ ಯಾಕೆ ಆರಿಸಿಕೊಂಡೆ? ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಗೆ 4 ಕೋಟಿಗೂ ಜಾಸ್ತಿ ಅಂಕಿಗಳಿವೆ. ಅದರ ಹತ್ತಿರ ಹೋದರೆ ಗಣಿತ ಕಾಣಿಸಲ್ಲ, ಬರೀ ಯಂತ್ರ ಕಾಣಿಸುತ್ತದೆ. ಎಂ127 ಹಾಗಲ್ಲ. 1876ರಲ್ಲಿ ಎಡ್ವರ್ಡ್ ಲ್ಯೂಕಾ ಅನ್ನುವ ಫ್ರೆಂಚ್ ಗಣಿತಜ್ಞ ಇದು ಅವಿಭಾಜ್ಯ ಅಂತ ಕಂಪ್ಯೂಟರ್ ಇಲ್ಲದೆ ತೋರಿಸಿಕೊಟ್ಟ. ಮುಂದೆ 75 ವರ್ಷ, 1951ರವರೆಗೆ, ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರಿಗೂ ಸಿಗಲಿಲ್ಲ. ಕೈಲೆಕ್ಕಕ್ಕೆ ನಿಲುಕಿದ, ಆದರೂ ಕೈಯಿಂದ ಭಾಗಿಸಿ ಮುಗಿಸಲಾಗದ ಸಂಖ್ಯೆ. ನನಗೆ ಬೇಕಿದ್ದದ್ದೂ ಅಂಥದ್ದೇ.

ಮೊದಲು ಶಾಲೆಯಲ್ಲಿ ಕಲಿತ ದಾರಿಯ ಲೆಕ್ಕ ಹಾಕಿದೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ನೋಡಲು ಅದರ ವರ್ಗಮೂಲದವರೆಗೆ ಭಾಗಿಸುತ್ತಾ ಹೋಗಬೇಕು, ಅಲ್ವಾ? ಎಂ127ರ ವರ್ಗಮೂಲ ಸುಮಾರು 1.3 × 10^19. ಸೆಕೆಂಡಿಗೆ ನೂರು ಕೋಟಿ ಸಲ ಭಾಗಿಸುವ ಯಂತ್ರ ಇಟ್ಟುಕೊಂಡರೂ 413 ವರ್ಷ ಬೇಕು. ಬೆಸಸಂಖ್ಯೆಗಳನ್ನು ಮಾತ್ರ ನೋಡಿದರೆ ಅದರ ಅರ್ಧ. ಯಾರ ಮೊಮ್ಮಗ ಬಂದು ಉತ್ತರ ನೋಡುತ್ತಾನೋ ಗೊತ್ತಿಲ್ಲ.

ಇಲ್ಲಿಂದ ಸಂಖ್ಯೆಯ ಆಕಾರ ನಮ್ಮ ಸಹಾಯಕ್ಕೆ ಬರುತ್ತದೆ. 2^ಪಿ − 1 ಆಕಾರದ ಸಂಖ್ಯೆಗೆ (ಪಿ ಬೆಸ ಅವಿಭಾಜ್ಯವಾಗಿದ್ದರೆ) ಯಾವ ಅವಿಭಾಜ್ಯ ಭಾಜಕವಿದ್ದರೂ ಅದು 2 × ಕೆ × ಪಿ + 1 ಅನ್ನುವ ರೂಪದಲ್ಲೇ ಇರಬೇಕು (ಕೆ ಅಂದರೆ 1, 2, 3 ಹೀಗೆ ಯಾವುದಾದರೂ ಪೂರ್ಣಸಂಖ್ಯೆ). ಜೊತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಬೇರೆ ಭಾಜಕಕ್ಕೆ ಒಳಗೆ ಜಾಗವೇ ಇಲ್ಲ. 2^11 − 1 = 2047 ತಗೊಳ್ಳಿ. ಅದು 23 × 89. 23 ಅಂದರೆ 22 × 1 + 1, 89 ಅಂದರೆ 22 × 4 + 1. ಎಂಟರಿಂದ ಭಾಗಿಸಿದರೆ 23ಕ್ಕೆ ಶೇಷ 7, 89ಕ್ಕೆ ಶೇಷ 1. ಸರಿಹೋಯಿತು.

ಎಂ127ಕ್ಕೆ ಇದನ್ನು ಹಾಕಿದರೆ ಪರೀಕ್ಷಿಸಬೇಕಾದವು 254 × ಕೆ + 1 ರೂಪದವು ಮಾತ್ರ, ಅವುಗಳಲ್ಲೂ 8ರ ನಿಯಮದಿಂದ ಅರ್ಧ ಹೋಗುತ್ತವೆ. ಅದೇ ಯಂತ್ರಕ್ಕೆ 413 ವರ್ಷದ ಕೆಲಸ ಸುಮಾರು 297 ದಿನಕ್ಕೆ ಇಳಿಯಿತು. ಒಂದು ಸಾಲಿನ ನಿಯಮಕ್ಕೆ ಇಷ್ಟು ಉಳಿತಾಯ! ಆದರೂ ಹತ್ತು ತಿಂಗಳು ಫ್ಯಾನ್ ಶಬ್ದ ಕೇಳಿಸಿಕೊಂಡು ಕೂರಲು ಮನೆಯಲ್ಲಿ ಯಾರು ಬಿಡುತ್ತಾರೆ?

ಅಂದಹಾಗೆ ಈ ಭಾಜಕದ ನಿಯಮಕ್ಕೆ ಒಳ್ಳೆಯ ಉದಾಹರಣೆ ಎಂ67, ಅಂದರೆ 2^67 − 1. 1644ರಲ್ಲಿ ಮಾರಾನ್ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ ಒಂದು ಪಟ್ಟಿ ಕೊಟ್ಟಿದ್ದ. 257ರವರೆಗೆ ಪಿ ಬೆಲೆ 2, 3, 5, 7, 13, 17, 19, 31, 67, 127, 257 ಆದಾಗ ಮಾತ್ರ 2^ಪಿ − 1 ಅವಿಭಾಜ್ಯ ಅಂತ. ಅದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿವೆ. 127 ಸರಿ. ಆ ಕಾಲಕ್ಕೆ ಆತ ಅದನ್ನು ಪರೀಕ್ಷಿಸಿರಲು ಸಾಧ್ಯವೇ ಇರಲಿಲ್ಲ. ಅದೃಷ್ಟ ಚೆನ್ನಾಗಿತ್ತು ಅನ್ನಬೇಕು. ಎಂ67 ಅವಿಭಾಜ್ಯ ಅಲ್ಲ ಅಂತ ಲ್ಯೂಕಾ 1876ರಲ್ಲೇ ಹೇಳಿದ, ಆದರೆ ಭಾಜಕ ಯಾವುದು ಅಂತ ಅವನಿಗೂ ಸಿಕ್ಕಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು ಕೊಟ್ಟ: 193707721 × 761838257287. ಒಂದು ಸಭೆಯಲ್ಲಿ ಮಾತೇ ಆಡದೆ ಬೋರ್ಡಿನ ಒಂದು ಕಡೆ 2^67 − 1 ಲೆಕ್ಕ ಮಾಡಿ, ಇನ್ನೊಂದು ಕಡೆ ಈ ಎರಡನ್ನು ಗುಣಿಸಿ, ಎರಡೂ ಒಂದೇ ಬಂದಾಗ ಹೋಗಿ ಕೂತನಂತೆ. ನಾನೂ ಆ ಗುಣಾಕಾರವನ್ನು ಪೇಪರ್ ಮೇಲೆ ಮಾಡಿದೆ. 147573952589676412927 ಬರುತ್ತದೆ. ಆಮೇಲೆ 193707721ರಿಂದ 1 ಕಳೆದು 134ರಿಂದ ಭಾಗಿಸಿದೆ: ಸರಿಯಾಗಿ 1445580. ನಿಯಮ ಇಲ್ಲೂ ಮುರಿಯಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಭಾಜಕ ಯಾವುದು ಅಂತ ಗೊತ್ತಿಲ್ಲದೆಯೇ ಲ್ಯೂಕಾ ಎಂ67 ಅವಿಭಾಜ್ಯ ಅಲ್ಲ ಅಂದ. ಭಾಗಾಕಾರ ಮಾಡದೆಯೇ ಎಂ127 ಅವಿಭಾಜ್ಯ ಅಂದ. ಹೇಗೆ? ಅವನ ವಿಧಾನವನ್ನು 1930ರಲ್ಲಿ ಡಿ. ಎಚ್. ಲೆಹ್ಮರ್ ಇನ್ನೂ ಸರಳ ಮಾಡಿದ. ಈಗ ಅದಕ್ಕೆ ಲ್ಯೂಕಾ–ಲೆಹ್ಮರ್ ಪರೀಕ್ಷೆ ಅಂತ ಹೆಸರು. ನಾನು ಬಳಸಿದ್ದು ಇದನ್ನೇ.

ವಿಧಾನ ಇಷ್ಟು. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, 2^ಪಿ − 1ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಹೀಗೆ ಪಿ − 2 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. "ಬಹುಶಃ" ಅನ್ನುವ ಮಾತೇ ಇಲ್ಲ, ಎರಡೂ ಕಡೆ ಖಚಿತ.

ಮೊದಲು ಪೇಪರ್ ಮೇಲೆ. ಪಿ = 7, ಸಂಖ್ಯೆ 127. ಶುರು 4. 16 − 2 = 14. 196 − 2 = 194, ಶೇಷ 67. 67ರ ವರ್ಗ 4489, ಎರಡು ಕಳೆದರೆ 4487, ಶೇಷ 42. ಮುಂದೆ 1762, ಶೇಷ 111. ಅದರ ಮುಂದೆ 12319. ಅದು 127 × 97, ಶೇಷ 0. ಐದೇ ಹೆಜ್ಜೆ. ಚಿಕ್ಕದಾದರೂ ಆ ಸೊನ್ನೆ ಬಿದ್ದಾಗ ಖುಷಿಯಾಗುತ್ತದೆ, ಮಾಡಿ ನೋಡಿ.

ಪಿ = 11 ಹಾಕಿದರೆ 4, 14, 194, 788, 701, 119, 1877, 240, 282, 1736. ಕೊನೆಗೆ 1736, ಸೊನ್ನೆಯಲ್ಲ. ಅಂದರೆ 2047 ಅವಿಭಾಜ್ಯ ಅಲ್ಲ. 23 ಆಗಲಿ 89 ಆಗಲಿ ಈ ಲೆಕ್ಕದಲ್ಲಿ ಎಲ್ಲೂ ತಲೆಹಾಕಲಿಲ್ಲ ನೋಡಿ. ಲ್ಯೂಕಾ ಎಂ67 ಬಗ್ಗೆ ಹೇಳಿದ್ದೂ ಹೀಗೆಯೇ, ಭಾಜಕದ ಮುಖ ನೋಡದೆ.

ಪಿ = 13ಕ್ಕೆ ಕ್ಯಾಲ್ಕ್ಯುಲೇಟರ್ ಹಿಡಿದೆ. ಸಂಖ್ಯೆ 8191. ಸಾಲು ಹೀಗೆ ಬರುತ್ತದೆ: 4, 14, 194, 4870, 3953, 5970, 1857, 36, 1294, 3470, 128, 0. ಸೊನ್ನೆಗೆ ಒಂದು ಹೆಜ್ಜೆ ಹಿಂದೆ ನೋಡಿ, 128 ಇದೆ. ಇಷ್ಟು ಹೊತ್ತು ಅಡ್ಡಾದಿಡ್ಡಿ ಸಂಖ್ಯೆಗಳು, ಕೊನೆಗೆ ಏಕಾಏಕಿ 2^7. ಇದು ಕಾಕತಾಳೀಯ ಅಂದುಕೊಳ್ಳಬೇಡಿ. ಸೊನ್ನೆ ಬರಬೇಕಾದರೆ ಅದರ ಹಿಂದಿನ ಸಂಖ್ಯೆಯ ವರ್ಗ 2 ಆಗಿರಬೇಕು, ಅಂದರೆ ಅದು ಈ ಶೇಷಗಳ ಲೋಕದಲ್ಲಿ ಎರಡರ ವರ್ಗಮೂಲ. 128ರ ವರ್ಗ 2^14, ಅಂದರೆ 2 × 2^13. 8191ರಿಂದ ಭಾಗಿಸಿದರೆ 2^13 ಬಿಡುವ ಶೇಷ 1. ಹಾಗಾಗಿ ಉಳಿಯುವುದು 2. ಸಂಖ್ಯೆ ಅವಿಭಾಜ್ಯವಾಗಿದ್ದರೆ ಎರಡಕ್ಕೆ ಎರಡೇ ವರ್ಗಮೂಲಗಳು, ಒಂದು ಪ್ಲಸ್, ಒಂದು ಮೈನಸ್. ಪಿ = 7ರಲ್ಲಿ 111 ಬಂದಿತ್ತಲ್ಲ? 127 − 16 = 111. ಅಲ್ಲಿ ಮೈನಸ್ ಹದಿನಾರು. ಹಾಗಾದರೆ ಎಂ127ರಲ್ಲಿ ಕೊನೆಯ ಹಿಂದಿನ ಹೆಜ್ಜೆಗೆ ಒಂದೋ 2^64 ಬರಬೇಕು, ಇಲ್ಲವೇ ಎಂ127ರಿಂದ 2^64 ಕಳೆದದ್ದು ಬರಬೇಕು. ಯಾವುದು ಅಂತ ನಾನು ಹೇಳಲ್ಲ. ನೀವೇ ಓಡಿಸಿ ನೋಡಿ.

ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದು. ಮನೆಯಲ್ಲಿ ಬರೆದ ಪ್ರೋಗ್ರಾಂ ಸರಿಯಿದೆಯೋ ಇಲ್ಲವೋ ನೋಡಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಸುಮ್ನೆ ಸೊನ್ನೆ ಬಂದರೆ ಎಲ್ಲೋ ಎಡವಟ್ಟಾಗಿ ಬಂದಿರಬಹುದು. ಅದರ ಹಿಂದೆ ಶುದ್ಧವಾದ ಎರಡರ ಘಾತ ಕೂತಿದ್ದರೆ ಅದು ಎಡವಟ್ಟಿನಿಂದ ಬರುವಂಥದ್ದಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ? ಸ್ವಲ್ಪ ತಾಳ್ಮೆಯಿಂದ ಓದಿ, ಬೇಡ ಅನಿಸಿದರೆ ಮುಂದಿನ ಪ್ಯಾರಾಗೆ ಹೋಗಿ. 4 ಅಂದರೆ (2 + √3) ಮತ್ತು (2 − √3) ಇವುಗಳ ಮೊತ್ತ. ಇವೆರಡನ್ನು ಗುಣಿಸಿದರೆ 1. ಹಾಗಾಗಿ ಮೊತ್ತವನ್ನು ವರ್ಗ ಮಾಡಿ 2 ಕಳೆದರೆ ಉಳಿಯುವುದು ಆ ಎರಡರ ವರ್ಗಗಳ ಮೊತ್ತ, ಅದೇ 14. ಪ್ರತಿ ಹೆಜ್ಜೆಗೂ ಘಾತ ದುಪ್ಪಟ್ಟಾಗುತ್ತದೆ. ಪಿ − 2 ಹೆಜ್ಜೆ ಆದಮೇಲೆ ಸೊನ್ನೆ ಬಂತು ಅಂದರೆ (2 + √3)ನ್ನು 2^(ಪಿ−1) ಘಾತಕ್ಕೆ ಏರಿಸಿದಾಗ −1 ಸಿಕ್ಕಿತು, 2^ಪಿ ಘಾತಕ್ಕೆ ಏರಿಸಿದಾಗ ಮೊದಲ ಸಲ 1 ಸಿಕ್ಕಿತು ಅಂತ ಅರ್ಥ. ಅಂದರೆ ಇದು ತನ್ನ ಸುತ್ತು ಮುಗಿಸಲು ಸರಿಯಾಗಿ 2^ಪಿ ಹೆಜ್ಜೆ ತಗೊಂಡಿತು, ನಮ್ಮ ಸಂಖ್ಯೆಗಿಂತ ಒಂದು ಜಾಸ್ತಿ. ಈಗ ಸಂಖ್ಯೆಗೆ ವರ್ಗಮೂಲಕ್ಕಿಂತ ದೊಡ್ಡದಲ್ಲದ ಒಂದು ಅವಿಭಾಜ್ಯ ಭಾಜಕ ಇದೆ ಅಂದುಕೊಳ್ಳಿ, ಕ್ಯೂ ಅಂತ. ಕ್ಯೂನಿಂದ ಶೇಷ ತೆಗೆದರೂ ಅದೇ ಲೆಕ್ಕ ನಡೆಯಬೇಕು. ಆದರೆ ಅಲ್ಲಿ √3 ಸೇರಿಸಿಕೊಂಡರೂ ಇರುವುದು ಹೆಚ್ಚೆಂದರೆ ಕ್ಯೂ ವರ್ಗದಷ್ಟು ಬೆಲೆಗಳು, ಅದು ನಮ್ಮ ಸಂಖ್ಯೆಯನ್ನು ಮೀರಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಉದ್ದದ ಸುತ್ತು ಹೊಡೆಯಲು ಆಗಲ್ಲ. ಹಾಗಾಗಿ ಅಂಥ ಭಾಜಕವೇ ಇಲ್ಲ. ಮುಗೀತು. ಸೊನ್ನೆ ಬರದಿದ್ದರೆ ಅವಿಭಾಜ್ಯ ಅಲ್ಲ ಅನ್ನುವ ಇನ್ನೊಂದು ದಿಕ್ಕಿಗೆ ಬೇರೆ ವಾದ ಬೇಕು, ಅದನ್ನು ಇಲ್ಲಿ ತರಲ್ಲ.

ಇದೆಲ್ಲಾ ಇಷ್ಟು ಸಲೀಸಾಗಿ ನಡೆಯಲು ಕಾರಣ, ಸಂಖ್ಯೆಗೆ 1 ಸೇರಿಸಿದರೆ ಬರೀ ಎರಡರ ಘಾತ ಆಗುತ್ತದೆ ಅನ್ನುವುದು. ಅಷ್ಟೇ ಅಂಕಿಗಳಿರುವ, ಯಾವ ಆಕಾರವೂ ಇಲ್ಲದ ಸಂಖ್ಯೆ ಕೊಟ್ಟರೆ ಈ ದಾರಿ ಸಿಗಲ್ಲ. ಯಾವ ಸಂಖ್ಯೆಗಾದರೂ ನಡೆಯುವ, ಖಚಿತ ಉತ್ತರ ಕೊಡುವ, ಸಂಖ್ಯೆ ಉದ್ದವಾದರೂ ಹದ್ದುಮೀರಿ ನಿಧಾನವಾಗದ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಸಿದ್ಧಾಂತದಲ್ಲಿ ದೊಡ್ಡ ಹೆಜ್ಜೆ. ಆದರೆ ಮನೆಯಲ್ಲಿ ಕೂತು ಎಂ127 ಪರೀಕ್ಷಿಸಲು ಅದು ಬೇಕಿಲ್ಲ, ಲ್ಯೂಕಾ–ಲೆಹ್ಮರ್ ಅದಕ್ಕಿಂತ ಎಷ್ಟೋ ಬೇಗ.

ಈಗ ಪ್ರೋಗ್ರಾಂ. ಪೈಥಾನ್‌ನಲ್ಲಿ ಬರೆದೆ, ಹತ್ತು ಸಾಲು ಕೂಡ ಬೇಡ. ಸಿ ಭಾಷೆಯಲ್ಲಿ ಬರೆಯಲು ಹೊರಟರೆ ಒಂದು ತಮಾಷೆ ಎದುರಾಗುತ್ತದೆ. ಚಿಹ್ನೆಯಿರುವ (ಪ್ಲಸ್, ಮೈನಸ್ ಎರಡೂ ಆಗಬಲ್ಲ) 128 ಬಿಟ್, ಅಂದರೆ 128 ಬೈನರಿ ಅಂಕಿಗಳ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಯಾವುದು ಗೊತ್ತಾ? ಇದೇ ಎಂ127. ಸಂಖ್ಯೆ ಹಿಡಿಸುತ್ತದೆ, ಆದರೆ ಅದರ ವರ್ಗಕ್ಕೆ 254 ಬಿಟ್ ಬೇಕು, ಅದು ಹಿಡಿಸಲ್ಲ. ಪೈಥಾನ್‌ನಲ್ಲಿ ಈ ತಲೆನೋವಿಲ್ಲ, ಎಷ್ಟು ದೊಡ್ಡದಾದರೂ ತಾನೇ ಜಾಗ ಮಾಡಿಕೊಳ್ಳುತ್ತದೆ.

ಶೇಷ ತೆಗೆಯಲು ಭಾಗಾಕಾರ ಹಾಕಬೇಡಿ. 9ರಿಂದ ಭಾಗಿಸಿದ ಶೇಷ ಬೇಕಾದರೆ ಅಂಕಿಗಳನ್ನು ಕೂಡುತ್ತೇವಲ್ಲ, 10ನ್ನು 9ರಿಂದ ಭಾಗಿಸಿದರೆ ಶೇಷ 1 ಅನ್ನುವ ಕಾರಣಕ್ಕೆ? ಇಲ್ಲೂ ಅದೇ. 2^127ನ್ನು ಎಂ127ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಬೈನರಿಯಲ್ಲಿ (0, 1 ಎರಡೇ ಅಂಕಿಗಳಲ್ಲಿ) ಬರೆದು, ಕೆಳಗಿನ 127 ಬಿಟ್‌ಗಳನ್ನು ಒಂದು ಕಡೆ, ಮೇಲಿನವನ್ನು ಇನ್ನೊಂದು ಕಡೆ ಮಾಡಿ, ಎರಡನ್ನೂ ಕೂಡಿದರೆ ಶೇಷ ಸಿಗುತ್ತದೆ. ಲ್ಯೂಕಾ ಕೂಡ ಬೈನರಿಯಲ್ಲೇ ಯೋಚಿಸಿದ್ದ. ಚದುರಂಗದ ಮಣೆಯ ಥರ 127 × 127 ಮನೆಗಳ ಮಣೆ, ಅದರ ಮೇಲೆ ಕಾಯಿಗಳು. ಕಾಯಿ ಇದ್ದರೆ 1, ಇಲ್ಲದಿದ್ದರೆ 0. ವರ್ಗ ಮಾಡುವುದು, ಶೇಷ ತೆಗೆಯುವುದು ಎಲ್ಲಾ ಕಾಯಿ ಸರಿಸುವ ಆಟ. ಅವನ ಲೆಕ್ಕದಲ್ಲಿ ಶುರುವಿನ ಸಂಖ್ಯೆ 4 ಅಲ್ಲ, 3. ಪಿಯನ್ನು 4ರಿಂದ ಭಾಗಿಸಿದಾಗ 3 ಉಳಿದರೆ 3ರಿಂದ ಶುರು ಮಾಡಿದರೂ ನಡೆಯುತ್ತದೆ, 127 ಅಂಥದ್ದು. ಆಗ ಸಾಲು 3, 7, 47, 2207 ಅಂತ ಹೋಗುತ್ತದೆ. ಇವು ಫಿಬೊನಾಚಿ ಸಾಲಿನ ಸೋದರ ಸಾಲಿನಲ್ಲಿ ಬರುವ ಸಂಖ್ಯೆಗಳು, ಆ ಸಾಲಿಗೆ ಲ್ಯೂಕಾನ ಹೆಸರೇ ಇದೆ. 3 ಮತ್ತು 4 ಎರಡರಿಂದಲೂ ಓಡಿಸಿದೆ, ಎರಡೂ ಸೊನ್ನೆಗೇ ಬಂದವು.

ಬರೆಯುವವರಿಗೆ ಎರಡು ಎಚ್ಚರಿಕೆ. ಎಡಕ್ಕೆ ಸರಿಸುವ ಚಿಹ್ನೆ ಬಳಸಿ 2^127 ಮಾಡಿ ಅಲ್ಲೇ 1 ಕಳೆಯುವಾಗ ಬ್ರಾಕೆಟ್ ಹಾಕಿ. ಇಲ್ಲದಿದ್ದರೆ ಪೈಥಾನ್ 127ರಿಂದ 1 ಕಳೆದು ಆಮೇಲೆ ಸರಿಸುತ್ತದೆ, 2^126 ಸಿಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಮೇಲೆ ಹೇಳಿದ ಹಾಗೆ ಮಡಚಿ ಕೂಡಿದರೆ ಕೊನೆಗೆ ಸೊನ್ನೆ ಬರುವುದೇ ಇಲ್ಲ! ಪಿ = 5 ನೋಡಿ: 4, 14, 8, ಆಮೇಲೆ 62. ಬೈನರಿಯಲ್ಲಿ 62ರ ಕೆಳಗಿನ ಐದು ಬಿಟ್ 30, ಮೇಲಿನದು 1, ಮೊತ್ತ 31. ಸೊನ್ನೆಯ ಬದಲು ಸಂಖ್ಯೆಯೇ ಕೂತಿದೆ. ಸೊನ್ನೆಯಲ್ಲದ್ದನ್ನು ಎಷ್ಟು ಮಡಚಿದರೂ ಸೊನ್ನೆ ಆಗಲ್ಲ, 9ರ ಗುಣಕದ ಅಂಕಿಗಳನ್ನು ಕೂಡಿದರೆ ಕೊನೆಗೆ 9 ಉಳಿಯುವ ಹಾಗೆ. ಆದ್ದರಿಂದ ಸಂಖ್ಯೆಯೇ ಬಂದರೆ ಅದನ್ನು ಸೊನ್ನೆ ಅಂತ ಎಣಿಸುವ ಒಂದು ಸಾಲು ಬೇಕೇ ಬೇಕು. ಇಲ್ಲವಾದರೆ ನಿಮ್ಮ ಪ್ರೋಗ್ರಾಂ 31 ಅವಿಭಾಜ್ಯ ಅಲ್ಲ ಅಂತ ಧೈರ್ಯವಾಗಿ ಹೇಳುತ್ತದೆ.

ಎಂ127ಕ್ಕೆ 125 ಹೆಜ್ಜೆ. ಎಂಟರ್ ಒತ್ತಿದ ಬೆರಳು ಎತ್ತುವುದರೊಳಗೆ ಉತ್ತರ ಬಂತು.

ಇನ್ನೊಂದು ಬಲೆ ಇದೆ, ಹೇಳಿಬಿಡುತ್ತೇನೆ. ಕೆಲವರು ಫರ್ಮಾ ಪರೀಕ್ಷೆ ಹಾಕುತ್ತಾರೆ: 2ನ್ನು (ಸಂಖ್ಯೆ − 1) ಘಾತಕ್ಕೆ ಏರಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರಬೇಕು ಅಂತ. ಮರ್ಸೆನ್ ಸಂಖ್ಯೆಗಳ (2^ಪಿ − 1 ಆಕಾರದವುಗಳ) ಮೇಲೆ 2 ಇಟ್ಟುಕೊಂಡು ಇದನ್ನು ಹಾಕಿದರೆ ಏನೂ ಗೊತ್ತಾಗಲ್ಲ. ಪಿ ಅವಿಭಾಜ್ಯವಾಗಿದ್ದರೆ ಸಾಕು, ಎಲ್ಲವೂ ಪಾಸ್. ಎಂ11, ಎಂ67 ಎರಡೂ ಪಾಸ್! 2047 ಅಂತೂ ಇದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆಯನ್ನೂ 2 ಇಟ್ಟುಕೊಂಡರೆ ದಾಟುತ್ತದೆ, ಹಾಗೆ ಮೋಸ ಮಾಡುವ ಸಂಖ್ಯೆಗಳಲ್ಲಿ ಅದೇ ಅತಿ ಚಿಕ್ಕದು. ಅದಕ್ಕೇ ಇಲ್ಲಿ 3 ಬಳಸಬೇಕು.

ಅವಿಭಾಜ್ಯ ಅಂತ ಖಚಿತವಾದ ಮೇಲೆ ಅದರ ಸುತ್ತಮುತ್ತ ಒಂದಿಷ್ಟು ಓಡಾಡಿದೆ. ಬೈನರಿಯಲ್ಲಿ ಬರೆದರೆ ಸಾಲಾಗಿ 127 ಒಂದುಗಳು, ಸೊನ್ನೆ ಒಂದೂ ಇಲ್ಲ. ಇದಕ್ಕೆ 2^126 ಗುಣಿಸಿದರೆ 77 ಅಂಕಿಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ, ಅಂದರೆ ಅದನ್ನು ಬಿಟ್ಟು ಅದರ ಉಳಿದೆಲ್ಲಾ ಭಾಜಕಗಳನ್ನು ಕೂಡಿದರೆ ಅದೇ ಬರುತ್ತದೆ, 6 ಮತ್ತು 28ರ ಹಾಗೆ. ಭಾಜಕಗಳು 254 ಮಾತ್ರ, ಹಾಗಾಗಿ ಕಂಪ್ಯೂಟರ್‌ನಲ್ಲಿ ಕೂಡಿ ನೋಡುವುದು ಸುಲಭ. ಮೊತ್ತ ಒಂದಂಕಿಯೂ ತಪ್ಪದೆ ಸರಿಯಾಗಿ ಬಂತು.

ಎಂ127ರಿಂದ 1 ಕಳೆದರೆ ಇನ್ನೂ ಚೆಂದ. ಹೀಗೆ ಬಿಡಿಸಿಕೊಳ್ಳುತ್ತದೆ: 2 × 3^3 × 7^2 × 19 × 43 × 73 × 127 × 337 × 5419 × 92737 × 649657 × 77158673929. ಒಡೆಯಲಾಗದ ಸಂಖ್ಯೆಯ ಪಕ್ಕದ ಮನೆಯಲ್ಲೇ ಇಷ್ಟು ಚೂರುಗಳು. 127 ಕೂಡ ಇದೆ, ನೋಡಿದಿರಾ? ಇದನ್ನು ಪೂರ್ತಿ ಕಂಪ್ಯೂಟರ್ ಮೇಲೆ ಬಿಡಬೇಕಿಲ್ಲ. 2 × (2^63 − 1) × (2^63 + 1) ಅಂತ ಮೊದಲು ಕೈಯಲ್ಲೇ ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಈ ಸಂಖ್ಯೆಯ ಹೆಗಲ ಮೇಲೆ ಕಾಲಿಟ್ಟೇ ಮುಂದೆ ಒಂದು ದಾಖಲೆ ಬಂತು. 1951ರಲ್ಲಿ ಫೆರಿಯೇ ಎಂಬಾತ ಮೇಜಿನ ಮೇಲಿಡುವ ಲೆಕ್ಕದ ಯಂತ್ರದಿಂದ 44 ಅಂಕಿಯ ಒಂದನ್ನು ಹಿಡಿದ. ಅದೇ ವರ್ಷ ಕೇಂಬ್ರಿಜ್‌ನ ಎಡ್‌ಸಾಕ್ ಕಂಪ್ಯೂಟರ್‌ನಲ್ಲಿ ಮಿಲ್ಲರ್ ಮತ್ತು ವೀಲರ್ 79 ಅಂಕಿಯ ಒಂದನ್ನು ಹಿಡಿದರು: ಎಂ127ರ ವರ್ಗವನ್ನು 180ರಿಂದ ಗುಣಿಸಿ 1 ಕೂಡಿದ್ದು. ಹಾಗೆ ಕಟ್ಟಿದರೆ ಒಂದು ಅನುಕೂಲವಿದೆ. ಆ ಸಂಖ್ಯೆಯಿಂದ 1 ಕಳೆದದ್ದರ ಅಪವರ್ತನಗಳೆಲ್ಲಾ ಮೊದಲೇ ಗೊತ್ತಿರುತ್ತವೆ, ಆಗ ಅವಿಭಾಜ್ಯ ಅಂತ ಸಾಧಿಸುವುದು ಸುಲಭ. ಮುಂದಿನ ವರ್ಷದ ಜನವರಿ 30ರಂದು ರಾಫೆಲ್ ರಾಬಿನ್‌ಸನ್‌ರ ಪ್ರೋಗ್ರಾಂ ಸ್ವಾಕ್ ಎಂಬ ಕಂಪ್ಯೂಟರ್‌ನಲ್ಲಿ ಒಂದೇ ದಿನ ಎಂ521, ಎಂ607 ಎರಡನ್ನೂ ಕಂಡುಹಿಡಿಯಿತು. ಅಲ್ಲಿಂದ ಕೈಲೆಕ್ಕದ ಕಾಲ ಮುಗಿಯಿತು.

ನನ್ನ ಪ್ರೋಗ್ರಾಂ ಕೂಡ ಅದೇ ದಾರಿ ಹಿಡಿಯಿತು. 521, 607, 1279, 2203, 2281 ಎಲ್ಲಾ ಚಕಚಕ ಬಂದವು. ಎಂ521 ಬರೀ ಆಟದ ಸಾಮಾನಲ್ಲ. ಎಸ್‌ಎಸ್‌ಎಚ್ ಕೀಗಳಲ್ಲಿ (ಬೇರೆ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಗುಪ್ತ ಕೀಲಿಗಳು) ಪಿ-521 ಅನ್ನುವ ವಕ್ರರೇಖೆ ನೋಡಿರುತ್ತೀರಿ, 512 ಬರೆಯಲು ಹೋಗಿ ಕೈತಪ್ಪಿ 521 ಆಗಿದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದು ಈ ಅವಿಭಾಜ್ಯ ಸಂಖ್ಯೆಯೇ. ಭಾಗಾಕಾರವಿಲ್ಲದೆ ಮಡಚಿ ಕೂಡುವ ಉಪಾಯ ಅಲ್ಲೂ ನಡೆಯುತ್ತದೆ, ಇದನ್ನು ಬಳಸುವುದರಲ್ಲಿ ದೊಡ್ಡ ಲಾಭ ಅದೇ.

19937ಕ್ಕೆ ಕೆಲವು ಸೆಕೆಂಡ್ ಬೇಕಾಯಿತು. ಪೈಥಾನ್‌ನಲ್ಲಿ ರ‍್ಯಾಂಡಮ್ ಸಂಖ್ಯೆ ಕೇಳಿದಾಗಲೆಲ್ಲಾ ಒಳಗೆ ಓಡುವ ಮರ್ಸೆನ್ ಟ್ವಿಸ್ಟರ್ ಇದೆಯಲ್ಲ, ಅದು ಮತ್ತೆ ಮೊದಲಿಗೆ ಬರಲು 2^19937 − 1 ಹೆಜ್ಜೆ ಬೇಕು. ಆ ಸಂಖ್ಯೆಗೆ 6002 ಅಂಕಿಗಳು. ಪರದೆ ಮೇಲೆ ಅಚ್ಚು ಹಾಕು ಅಂದರೆ ಪೈಥಾನ್ ಒಪ್ಪಲ್ಲ, 4300 ಅಂಕಿಯ ಮಿತಿ ದಾಟಿದೆ ಅಂತ ಎರರ್ ಕೊಡುತ್ತದೆ. 3.11ರಿಂದ ಹೀಗೆ. ಬೇಕೆಂದರೆ ಆ ಮಿತಿ ಏರಿಸಬಹುದು. ಪರೀಕ್ಷೆಗೆ ಅದರಿಂದ ತೊಂದರೆಯಿಲ್ಲ, ಅದು ಬೈನರಿಯಲ್ಲೇ ನಡೆಯುವುದರಿಂದ.

ಅಂಕಿ ಎಷ್ಟು, ಶುರು ಹೇಗೆ, ಕೊನೆ ಹೇಗೆ ಅಂತ ತಿಳಿಯಲು ಅಚ್ಚು ಹಾಕುವುದೇ ಬೇಕಿಲ್ಲ. ಪಿಯುಸಿಯಲ್ಲಿ ಕಲಿತ ಲಾಗ್ ಲೆಕ್ಕ ಸಾಕು. 2ರ ಲಾಗ್ 0.30103. 127ರಿಂದ ಗುಣಿಸಿದರೆ 38.2308. ಪೂರ್ಣಾಂಕ ಭಾಗ 38, ಹಾಗಾಗಿ 39 ಅಂಕಿ. ಉಳಿದ 0.2308ರ ಆಂಟಿಲಾಗ್ 1.701, ಸಂಖ್ಯೆ ಶುರುವಾಗುವುದೂ 1701ರಿಂದ. ಪಿಯುಸಿಯ ನಾಲ್ಕಂಕಿಯ ಟೇಬಲ್‌ನಲ್ಲಿರುವ 0.3010 ಹಾಕಿದರೆ ಮಾತ್ರ 1.687 ಬರುತ್ತದೆ, ಐದನೇ ಅಂಕಿ ಬಿಟ್ಟದ್ದರ ಫಲ. ಕೊನೆಯ ಅಂಕಿಗೆ 2, 4, 8, 6 ಸುತ್ತು ನೆನಪಿಟ್ಟುಕೊಳ್ಳಿ. 127ನ್ನು 4ರಿಂದ ಭಾಗಿಸಿದರೆ 3 ಉಳಿಯುತ್ತದೆ, ಮೂರನೆಯದು 8, ಒಂದು ಕಳೆದರೆ 7.

ಇದೇ ಲೆಕ್ಕವನ್ನು ಈಗಿನ ದಾಖಲೆಯ ಸಂಖ್ಯೆಗೂ ಹಾಕಿ ನೋಡಿದೆ: ಪಿ = 13,62,79,841. ಅಂಕಿಗಳು 4,10,24,320. ಶುರು 8816ರಿಂದ, ಕೊನೆ 1. ಆ ಸಂಖ್ಯೆಯನ್ನು ಪೂರ್ತಿ ನೋಡದೆಯೇ ಇಷ್ಟೂ ಸಿಕ್ಕಿತು. ಇಷ್ಟು ದೊಡ್ಡದಕ್ಕೆ ಲಾಗ್ ಬೆಲೆ ಹದಿನೈದು ದಶಮಾಂಶ ಸ್ಥಾನದವರೆಗಾದರೂ ತಗೊಳ್ಳಿ, ಇಲ್ಲದಿದ್ದರೆ ಶುರುವಿನ ಅಂಕಿಗಳು ಕೆಡುತ್ತವೆ.

ಆ ಸಂಖ್ಯೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ, ಇಂಥ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಗಿಂಪ್ಸ್ ಅನ್ನುವ ಯೋಜನೆಯಲ್ಲಿ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರು ಮಾಡಿದ್ದು, ಯಾರು ಬೇಕಾದರೂ ತಮ್ಮ ಕಂಪ್ಯೂಟರ್ ಸೇರಿಸಬಹುದು. ಲ್ಯೂಕ್ ಡ್ಯುರಾಂಟ್ ಬಳಸುತ್ತಿದ್ದ ಡಬ್ಲಿನ್‌ನ ಒಂದು ಜಿಪಿಯು (ಗ್ರಾಫಿಕ್ಸ್ ಚಿಪ್) "ಇದು ಅವಿಭಾಜ್ಯ ಇರಬಹುದು" ಅಂದಿತು, ಮರುದಿನ ಟೆಕ್ಸಾಸ್‌ನ ಇನ್ನೊಂದು ಜಿಪಿಯು ಲ್ಯೂಕಾ–ಲೆಹ್ಮರ್ ಓಡಿಸಿ ಹೌದು ಅಂದಿತು. ಮೇಲೆ ಪೇಪರ್‌ನಲ್ಲಿ ಮಾಡಿದ ಅದೇ ವರ್ಗ, ಅದೇ ಮೈನಸ್ ಎರಡು.

ನಾನೂ ಹಳೆಯ ಡೆಸ್ಕ್‌ಟಾಪ್ ಒಂದನ್ನು ಇದಕ್ಕೆ ಹಾಕಿದ್ದೇನೆ. ಅವರ ಪ್ರೈಮ್95 ಪ್ರೋಗ್ರಾಂ ಉಚಿತ. ಈಗ ಅದು ಮೊದಲ ಪರೀಕ್ಷೆಗೆ ಲ್ಯೂಕಾ–ಲೆಹ್ಮರ್ ಬಳಸಲ್ಲ, 3 ಇಟ್ಟುಕೊಂಡು ಫರ್ಮಾ ಥರದ ಪರೀಕ್ಷೆ ಮಾಡುತ್ತದೆ. ಕಾರಣ ಗಣಿತಕ್ಕಿಂತ ಯಂತ್ರದ್ದು: ವಾರಗಟ್ಟಲೆ ಓಡುವ ಲೆಕ್ಕದಲ್ಲಿ ಒಂದು ಬಿಟ್ ಕೆಟ್ಟರೂ ಎಲ್ಲಾ ಹಾಳು, ಮತ್ತೆ ಈ ಹೊಸ ವಿಧಾನದಲ್ಲಿ ರಾಬರ್ಟ್ ಗೆರ್ಬಿಚ್ ತೋರಿಸಿಕೊಟ್ಟ ಉಪಾಯದಿಂದ ಅಂಥ ತಪ್ಪು ಅಲ್ಲಲ್ಲೇ ಸಿಕ್ಕಿಬೀಳುತ್ತದೆ. ನಿಜವಾದ ಅವಿಭಾಜ್ಯ ಸಿಕ್ಕಿತು ಅನಿಸಿದಾಗ ಮಾತ್ರ ಲ್ಯೂಕಾ–ಲೆಹ್ಮರ್ ಕರೆಯುತ್ತಾರೆ.

ಲ್ಯಾಪ್‌ಟಾಪ್‌ನಲ್ಲಿ ಇದನ್ನು ಓಡಿಸಬೇಡಿ, ಬಿಸಿ ತಡೆಯಲ್ಲ. ಬೇಸಿಗೆಯಲ್ಲಿ ನಾನು ನಿಲ್ಲಿಸಿಬಿಡುತ್ತೇನೆ, ಕರೆಂಟ್ ಬಿಲ್ಲೂ ಒಂದು ಮಾತು. ಬಹುಮಾನದ ಆಸೆಗೆ ಮಾಡುವ ಕೆಲಸ ಇದಲ್ಲ. ನನಗೆ ಈಗ ಕುತೂಹಲ ಇರುವುದು ಬೇರೆ ಕಡೆ. 2ರಿಂದ ಶುರು ಮಾಡಿ: 2^2 − 1 = 3, 2^3 − 1 = 7, 2^7 − 1 = 127, ಆಮೇಲೆ ನಮ್ಮ ಎಂ127. ಎಲ್ಲವೂ ಅವಿಭಾಜ್ಯ. ಮುಂದಿನದು, 2ನ್ನು ಎಂ127 ಘಾತಕ್ಕೆ ಏರಿಸಿ 1 ಕಳೆದದ್ದು, ಅವಿಭಾಜ್ಯವೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಅದರಲ್ಲಿ ಸುಮಾರು 5 × 10^37 ಅಂಕಿಗಳಿವೆ, ಬರೆದಿಡಲು ಭೂಮಿಯ ಮೇಲಿನ ಎಲ್ಲಾ ಹಾರ್ಡ್ ಡಿಸ್ಕ್ ಸೇರಿದರೂ ಸಾಲಲ್ಲ. ಲ್ಯೂಕಾ–ಲೆಹ್ಮರ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಆದರೆ ಮೊದಲು ಹೇಳಿದ ಭಾಜಕದ ನಿಯಮ ಇದಕ್ಕೂ ಅನ್ವಯಿಸುತ್ತದೆ: ಭಾಜಕ ಇದ್ದರೆ ಅದು 2 × ಕೆ × ಎಂ127 + 1 ರೂಪದ್ದು, ಎಂಟರಿಂದ ಶೇಷ 1 ಅಥವಾ 7. ಒಂದೊಂದು ಕೆಗೂ ಪರೀಕ್ಷೆ ಕ್ಷಣದ ಕೆಲಸ, 2ನ್ನು 127 ಸಲ ವರ್ಗ ಮಾಡುತ್ತಾ, ಪ್ರತಿ ಸಲ ಆ ಭಾಜಕದಿಂದ ಬರುವ ಶೇಷ ಮಾತ್ರ ಇಟ್ಟುಕೊಳ್ಳುತ್ತಾ ಹೋಗಿ ಕೊನೆಗೆ ಅರ್ಧ ಮಾಡಿ ಶೇಷ 1 ಬರುತ್ತದೆಯಾ ನೋಡಿದರೆ ಆಯಿತು. ಚಿಕ್ಕ ಕೆಗಳನ್ನೆಲ್ಲಾ ಬೇರೆಯವರು ಆಗಲೇ ನೋಡಿ ಮುಗಿಸಿದ್ದಾರೆ, ಏನೂ ಸಿಕ್ಕಿಲ್ಲ. ನನ್ನದೂ ಸದ್ಯ ಅವರು ನೋಡಿದ್ದರ ಒಳಗೇ ಓಡುತ್ತಿದೆ.